ಮೂರನೇ ಸಾಲಿನ ಸಿಗಡಿ

ಅವಳನ್ನು ಎಲ್ಲರೂ ಮೂಗಕ್ಕ ಎನ್ನುತ್ತಿದ್ದರು. ಗೊತ್ತಿಲ್ಲದವರು ಪಾಪ, ಮಾತು ಬಾರದ ಹೆಂಗಸಿರಬೇಕು ಅಂದುಕೊಂಡು ಕೈಸನ್ನೆ ಮಾಡಲು ಹೋಗಿ ಬೈಸಿಕೊಂಡದ್ದುಂಟು. ಮಾತಿನಲ್ಲಿ ಅವಳನ್ನು ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹೆಸರು ಬಂದದ್ದು ಮೂಗಿನಿಂದ. ಮೀನಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳಿಗೆ ಒಂದೇ ಕೆಲಸ: ಬಂದ ಸರಕನ್ನು ಮೂಸಿ, ಇದು ಹೋಗಬಹುದು, ಇದು ಹೋಗಬಾರದು ಎಂದು ಹೇಳುವುದು. ನಗಬೇಡಿ. ಮೂಸಿ ಸಂಬಳ ತೆಗೆದುಕೊಳ್ಳುವುದು ಅಷ್ಟು ಸುಲಭವಾಗಿದ್ದರೆ ನಾವೆಲ್ಲ ಅದನ್ನೇ ಮಾಡುತ್ತಿದ್ದೆವು.

ಸಿಗಡಿಯ ವಿಷಯ ಹೀಗಿದೆ. ಕೆಟ್ಟದ್ದು ಮೊದಲು ಮೂಗಿಗೆ ಗೊತ್ತಾಗುತ್ತದೆ, ಆಮೇಲೆ ಬೆರಳಿಗೆ, ಕಟ್ಟಕಡೆಗೆ ಕಣ್ಣಿಗೆ. ಕಣ್ಣಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅವಳು ಪ್ರತಿ ಸಾಲಿನಿಂದ ಒಂದೊಂದು ಕ್ರೇಟು ಇಳಿಸಿ, ಐಸು ಸರಿಸಿ, ಅಡಿಯಿಂದ ಒಂದು ಸಿಗಡಿ ಎತ್ತಿ, ತಲೆಯ ಸಂದಿಯಲ್ಲಿ ಮುರಿದು, ಕಣ್ಣು ಮುಚ್ಚಿ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. ಎರಡು ಎಣಿಸುವಷ್ಟು ಹೊತ್ತು, ಅಷ್ಟೇ. ಆಮೇಲೆ ಚೀಟಿಗೆ ಸಹಿ. ಲೆಕ್ಕದವನು ತಲೆಗೆ ಹಚ್ಚುವ ಎಣ್ಣೆ ಬದಲಾಯಿಸಿದ್ದನ್ನು ಅವನ ಹೆಂಡತಿಗಿಂತ ಮೊದಲು ಕಂಡುಹಿಡಿದವಳು ಅವಳು. ಡ್ರೈವರುಗಳಂತೂ ಹಿಂದಿನ ದಿನ ಕುಡಿದಿದ್ದರೆ ಅವಳಿಂದ ಮೂರು ಮಾರು ದೂರ ನಿಂತೇ ಮಾತಾಡುತ್ತಿದ್ದರು. ಮೂಗಕ್ಕ ಮೂಗು ಮುರಿದರೆ ಲಾರಿಯ ಆಕ್ಸಲೇ ಮುರಿದ ಹಾಗೆ, ಕದಲುವುದಿಲ್ಲ ಎಂದು ಸೂಪರ್‌ವೈಸರ್ ಹೇಳುತ್ತಿದ್ದ. ಅದನ್ನು ಕೇಳಿ ಅವಳಿಗೆ ಕೊಂಚ ಜಂಬವೂ ಇತ್ತು. ಸುಳ್ಳೇಕೆ ಹೇಳಲಿ, ಕೊಂಚ ಅಲ್ಲ, ಸಾಕಷ್ಟೇ ಇತ್ತು.

ಆ ಮೂಗು ಹೋಗಿ ಇವತ್ತಿಗೆ ಒಂಬತ್ತು ದಿನ.

ಎರಡು ದಿನ ಜ್ವರ ಬಂದಿತ್ತು, ಬಿಟ್ಟಿತು. ಮೂರನೇ ದಿನ ಬೆಳಗ್ಗೆ ಒಲೆಯ ಮುಂದೆ ನಿಂತೇ ಇದ್ದಳು. ಹಾಲು ಉಕ್ಕಿ, ಹತ್ತಿ, ತಳ ಕಪ್ಪಾಗಿ, ಕೊನೆಗೆ ಹೊಗೆ ಕಣ್ಣಿಗೆ ಬಂದಾಗಲೇ ಗೊತ್ತಾದದ್ದು. ಕಾಫಿಪುಡಿಯ ಡಬ್ಬಿಗೆ ಮೂಗಿಟ್ಟಳು. ಏನೂ ಇಲ್ಲ. ಬೆಳ್ಳುಳ್ಳಿ ಜಜ್ಜಿ ಹಿಡಿದಳು. ಏನೂ ಇಲ್ಲ. ಗಂಡ ಮರದ ಸಾಮಾನಿಗೆ ಹೊಡೆಯುವ ಪಾಲಿಶಿನ ಡಬ್ಬಿಯ ಮುಚ್ಚಳ ತೆಗೆದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಎರಡು ಬೀದಿ ಆಚೆ, ತನ್ನ ಪರಿಚಯವಿಲ್ಲದ ಡಾಕ್ಟರ ಹತ್ತಿರ ಕದ್ದು ಹೋಗಿಬಂದಳು. ಇಂಥ ಜ್ವರದ ಮೇಲೆ ಕೆಲವರಿಗೆ ಹೀಗಾಗುತ್ತದೆ, ವಾರದಲ್ಲಿ ಬರಬಹುದು, ಆರು ತಿಂಗಳಿಗೆ ಬರಬಹುದು, ಬಾರದೆಯೂ ಇರಬಹುದು ಎಂದು ಅವರು ಮೂರೂ ದಾರಿ ತೋರಿಸಿ ಕಳಿಸಿದರು.

ಅವಳು ಯಾರಿಗೂ ಹೇಳಲಿಲ್ಲ. ಯಾಕೆಂದರೆ ಅವಳಿಗಿಂತ ಮುಂಚೆ ಆ ಶೆಡ್ಡಿನಲ್ಲಿ ಮೂಸುವ ಕೆಲಸ ಒಬ್ಬ ಮುದುಕನದ್ದಾಗಿತ್ತು. ವಯಸ್ಸಾಗಿ ಅವನ ಮೂಗು ಮಂಕಾದಾಗ ಅವನನ್ನು ಗೇಟಿನ ಬಳಿ ಸ್ಟೂಲಿನ ಮೇಲೆ ಕೂರಿಸಿದರು. ಮೂರು ತಿಂಗಳ ಮೇಲೆ ಸ್ಟೂಲೂ ಇರಲಿಲ್ಲ, ಅವನೂ ಇರಲಿಲ್ಲ. ಅವನ ಮೂಗು ಮಂಕಾಗಿದೆ ಎಂದು ಒಳಗೆ ಹೋಗಿ ಹೇಳಿದವಳು ಇವಳೇ. ಆಗ ಸರಿಯಾದ ಕೆಲಸ ಮಾಡಿದೆ ಅಂದುಕೊಂಡಿದ್ದಳು. ಈಗಲೂ ಅದು ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಗಂಡನ ಪಾಲಿಶ್ ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ನಿಂತಿದ್ದದ್ದು ಅವಳ ಮೂಗಿನ ಮೇಲೆ.

ಹಾಗಾಗಿ ನಾಟಕ ಶುರುವಾಯಿತು. ಸಿಗಡಿ ಮುರಿಯುವುದು, ಕಣ್ಣು ಮುಚ್ಚುವುದು, ಎರಡು ಎಣಿಸುವುದು, ತಲೆಯಾಡಿಸುವುದು. ಕಣ್ಣಿಂದ ಬಣ್ಣ ನೋಡಿದಳು, ಬೆರಳಿಂದ ಒತ್ತಿ ಬಿಗಿ ನೋಡಿದಳು. ಸರಕೆಲ್ಲ ಅದೇ ದಿನದ್ದು, ಐಸು ಕಲ್ಲಿನ ಹಾಗೆ ಗಟ್ಟಿಯಿತ್ತು, ದೇವರು ದೊಡ್ಡವನು, ಎಂಟು ದಿನ ಕಳೆಯಿತು.

ಒಂಬತ್ತನೇ ದಿನ ಮಧ್ಯಾಹ್ನ ಶೆಡ್ಡಿನ ಕರೆಂಟು ಹೋಯಿತು. ಜನರೇಟರು ಕೆಮ್ಮಿತೇ ಹೊರತು ಏಳಲಿಲ್ಲ. ಕರೆಂಟು ವಾಪಸು ಬರುವಷ್ಟರಲ್ಲಿ ಮೂರನೇ ಸಾಲಿನ ಕ್ರೇಟುಗಳಲ್ಲಿ ಐಸು ಕರಗಿ ಸಿಗಡಿ ನೀರಿನಲ್ಲಿ ತೇಲುತ್ತಿತ್ತು. ಎಷ್ಟು ಹೊತ್ತಿನಿಂದ ತೇಲುತ್ತಿತ್ತೋ ಯಾರೂ ನೋಡಿರಲಿಲ್ಲ. ಆ ಸಾಲು ಪೂರ್ತಿ ಒಂದು ಹಾಸ್ಟೆಲ್ಲಿಗೆ ಹೋಗಬೇಕಾದದ್ದು. ನಾಳೆ ಮಧ್ಯಾಹ್ನ ನಾನೂರು ಹುಡುಗಿಯರಿಗೆ ತಿಂಗಳ ವಿಶೇಷ ಊಟ. ಲಾರಿ ರಾತ್ರಿ ಎಂಟು ಗಂಟೆಗೆ ಹೊರಡುತ್ತದೆ.

ಐಸು ತುಂಬುವವನು, ಶೆಡ್ಡಿನವರೆಲ್ಲ ಐಸಣ್ಣ ಎಂದು ಕರೆಯುವವನು, ಸಲಿಕೆ ಊರಿಕೊಂಡು ನಿಂತು ಅಂದ:

"ಅಕ್ಕಾ, ಈ ಸಾಲು ಒಂದ್ಸಲ ಸರಿಯಾಗಿ ನೋಡಿ."

"ಯಾಕೆ, ಉಳಿದಿದ್ದನ್ನ ನಾನು ಸರಿಯಾಗಿ ನೋಡಲ್ವಾ?" ಎಂದು ಅವಳು ಹರಿಹಾಯ್ದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನು ಪಾಪ, ಸಲಿಕೆ ಎತ್ತಿಕೊಂಡು ಹೊರಟುಹೋದ. ಅವಳು ಸಿಗಡಿ ಮುರಿದಳು, ಮೂಗಿನ ಕೆಳಗೆ ಹಿಡಿದಳು. ಬಣ್ಣ ಸರಿಯಿತ್ತು. ಒತ್ತಿದರೆ ಬಿಗಿಯಿತ್ತು, ಅಥವಾ ಬಿಗಿ ಇದೆ ಎಂದು ಬೆರಳಿಗೆ ಅವಳೇ ಹೇಳಿಕೊಟ್ಟಳು. ಸೂಪರ್‌ವೈಸರ್ ಚೀಟಿ ಹಿಡಿದು ಕಾಯುತ್ತಿದ್ದ. "ಹೋಗಬಹುದು" ಎಂದು ಸಹಿ ಹಾಕಿದಳು. ಹಾಕಿ, ಸಂಜೆ ಹೊರಡುವಾಗ ಅದೇ ಮೂರನೇ ಸಾಲಿನಿಂದ ಅರ್ಧ ಕಿಲೋ ಸಿಗಡಿ ಚೀಲಕ್ಕೆ ತುಂಬಿಸಿಕೊಂಡಳು. ಮನೆಗೆ ಒಯ್ಯುವುದು ಶೆಡ್ಡಿನವರಿಗೆಲ್ಲ ರೂಢಿ. ಅವಳ ಲೆಕ್ಕ ಬೇರೆ ಇತ್ತು. ಮನೆಯಲ್ಲಿ ಮೂರು ಮೂಗುಗಳಿವೆ. ಒಂದಾದರೂ ಹೇಳದೆ ಹೋದೀತೇ?

ಮನೆ ಸೇರಿದಾಗ ಆರೂಮುಕ್ಕಾಲು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಅದು ಅವರ ಸಿಂಹಾಸನ. ಅವಳು ಸಿಗಡಿಯನ್ನು ಬೋಗುಣಿಗೆ ಸುರಿದು ಅವರ ಮುಖದ ಹತ್ತಿರಕ್ಕೇ ಹಿಡಿದಳು.

"ಅತ್ತೇ, ಹೇಗಿದೆ ನೋಡಿ."

"ಸಿಗಡಿ ಸಿಗಡಿ ಥರಾನೇ ಇದೆ. ಇನ್ನು ಹೇಗಿರಬೇಕು?"

"ವಾಸನೆ ಹೇಗಿದೆ ಅಂತ."

ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. "ನೀನು ನನ್ನ ಕೇಳ್ತಿದೀಯಾ? ನಲವತ್ತು ವರ್ಷ ನಶ್ಯ ಏರಿಸಿದ ಮೂಗಮ್ಮಾ ಇದು. ಇದು ಮುಖದ ಮೇಲೆ ಇರೋದು ಕನ್ನಡಕ ನಿಲ್ಲಲಿ ಅಂತ ಅಷ್ಟೇ." ಹೇಳಿದ್ದಕ್ಕೆ ಸಾಕ್ಷಿಯೆಂಬಂತೆ ಡಬ್ಬಿ ತೆಗೆದು ಇನ್ನೊಂದು ಚಿಟಿಕೆ ಏರಿಸಿದರು.

ಒಂದು ಮೂಗು ಹೋಯಿತು. ಗಂಡ ಬಂದದ್ದು ಏಳಕ್ಕೆ ಹತ್ತು ನಿಮಿಷ ಇರುವಾಗ. ಯಾರದೋ ಮನೆಯ ಊಟದ ಮೇಜಿಗೆ ದಿನವಿಡೀ ಪಾಲಿಶ್ ಹೊಡೆದು ಉಗುರಿನವರೆಗೂ ಕಂದುಬಣ್ಣಕ್ಕೆ ತಿರುಗಿದ್ದ. ಅವಳು ಚಪ್ಪಲಿ ಬಿಡಲೂ ಬಿಡದೆ ಬೋಗುಣಿ ಹಿಡಿದಳು.

"ರೀ, ಇದನ್ನ ಸ್ವಲ್ಪ ಮೂಸಿ."

"ಯಾಕೆ, ನಿನ್ನ ಮೂಗಿಗೇನು ಇವತ್ತು ರಜಾನಾ?"

ಅವಳು ಬೋಗುಣಿಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಅವನು ನಗುತ್ತ ಬಗ್ಗಿ ಮೂಸಿದ. "ಪಾಲಿಶಿನ ಸ್ಪಿರಿಟ್ಟು. ನಂಗೆ ಇವತ್ತು ದೇವರ ಪ್ರಸಾದಾನೂ ಸ್ಪಿರಿಟ್ಟೇ. ಬೇಗ ಏನಾದ್ರೂ ಮಾಡೆ, ಮಧ್ಯಾಹ್ನ ಬರೀ ಬನ್ನು ತಿಂದಿದ್ದು" ಎಂದು ಬಚ್ಚಲಿಗೆ ಹೋದ.

ಇಪ್ಪತ್ತೆರಡು ವರ್ಷ ಶೆಡ್ಡಿನವರೆಲ್ಲರ ಪರವಾಗಿ ಮೂಸಿದವಳ ಮನೆಯಲ್ಲಿ ಮೂಸಲು ಬರುವವರೇ ಇರಲಿಲ್ಲ. ಉಳಿದದ್ದು ಒಂದೇ ಮೂಗು, ಹದಿನಾಲ್ಕು ವರ್ಷದ ಮಗಳದ್ದು. ಅದು ತಾಯಿಯ ಮೂಗೇ. ನಿನ್ನೆಯ ಚಟ್ನಿ ಯಾವುದು, ಇವತ್ತಿನದು ಯಾವುದು ಎಂದು ಬಾಗಿಲಿನಿಂದಲೇ ಹೇಳುತ್ತಿದ್ದಳು. ಆದರೆ ಅವಳು ಟ್ಯೂಷನ್ ಮುಗಿಸಿ ಬರುವುದು ಏಳೂವರೆಗೆ. ಏಳೂವರೆಯಿಂದ ಎಂಟಕ್ಕೆ ಅರ್ಧ ಗಂಟೆ. ಸಾಕು ಅಂದುಕೊಂಡಳು. ನಾಲ್ಕು ಸಿಗಡಿ ತೆಗೆದಿಟ್ಟು, ಉಪ್ಪು ಸಹ ಹಾಕದೆ ಬರೀ ನೀರಿನಲ್ಲಿ ಮುಚ್ಚಿಟ್ಟು ಕುದಿಸಿ, ಮಗಳು ಬಂದ ತಕ್ಷಣ ಮುಚ್ಚಳ ತೆಗೆದು ಆ ಹಬೆಯನ್ನು ಮೂಸಿಸುವುದು. ಶೆಡ್ಡಿನಲ್ಲಿ ಅನುಮಾನ ಬಂದ ಸರಕಿಗೆ ಮಾಡುವುದೇ ಹಾಗೆ. ಬರೀ ನೀರಿನ ಹಬೆ ಏನನ್ನೂ ಮುಚ್ಚಿಡುವುದಿಲ್ಲ.

ಸಿಗಡಿ ಸುಲಿಯಲು ಕೂತಳು. ತಲೆ ಕಿತ್ತು, ಚಿಪ್ಪು ಬಿಡಿಸಿ, ಬೆನ್ನ ಮೇಲೆ ಚಾಕುವಿನ ತುದಿಯಲ್ಲಿ ಗೀರಿ ಕಪ್ಪು ನರ ಎಳೆದು ಹಾಕುತ್ತ ಹೋದಳು. ಕೈ ಇಲ್ಲಿತ್ತು, ಮನಸ್ಸು ಲಾರಿಯ ಹತ್ತಿರ. ಈಗ ಮೂರನೇ ಸಾಲನ್ನು ಏರಿಸುತ್ತಿರಬಹುದು. ಸರಿಯಿದ್ದರೆ ಸುಮ್ಮನೆ ಹೆದರಿದ ಹಾಗಾಯಿತು. ಸರಿಯಿಲ್ಲದಿದ್ದರೆ? ನಿಲ್ಲಿಸಿ ಅನ್ನಬೇಕು. ಮಧ್ಯಾಹ್ನ ಹೋಗಬಹುದು ಎಂದವಳು ಸಂಜೆ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದ ದಿನವೇ ಅವಳಿಗೂ ಒಂದು ಸ್ಟೂಲು. ಬಿಸಿತುಪ್ಪ ಗಂಟಲಲ್ಲಿ ನಿಂತ ಹಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಇನ್ನೂ ಆಗಲಿಲ್ವೇನಮ್ಮಾ? ನೀನು ಒಲೆ ಹಚ್ಚೋದರಲ್ಲಿ ನನ್ನ ಹೊಟ್ಟೇಲೇ ಬೆಂಕಿ ಹತ್ತಿಕೊಳ್ತು" ಎಂದರು ಅತ್ತೆ.

"ಆಯ್ತು ಅತ್ತೆ, ಐದು ನಿಮಿಷ."

ಐದು ನಿಮಿಷದ ಅಡುಗೆಯೇ ಅದು. ಆ ಮನೆಯಲ್ಲಿ ಸಿಗಡಿ ಬಂದ ದಿನ ಆಗುವುದು ಒಂದೇ: ಬಾಣಲೆಯಲ್ಲಿ ಬೆಣ್ಣೆ, ಬೆಣ್ಣೆ ನೊರೆಯೆದ್ದಾಗ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ, ಬೆಳ್ಳುಳ್ಳಿ ಅಂಚಿನಲ್ಲಿ ಬಣ್ಣ ತಿರುಗುತ್ತಿದ್ದಂತೆ ಸಿಗಡಿ, ಒಂದು ಮಗ್ಗುಲು ಎರಡು ನಿಮಿಷ, ಇನ್ನೊಂದು ಮಗ್ಗುಲು ಒಂದೂವರೆ, ಮೇಲೆ ಮೆಣಸಿನ ಪುಡಿ, ನಿಂಬೆಹಣ್ಣು, ಜೊತೆಗೆ ಬ್ರೆಡ್ಡು. ಸಿಗಡಿ ಬಾಗಿ ಕೊಕ್ಕೆಯ ಹಾಗಾದರೆ ಬೆಂದಿತು, ಉಂಗುರದ ಹಾಗಾದರೆ ಕೆಟ್ಟಿತು ಎಂದು ಮಗಳಿಗೆ ಹೇಳಿಕೊಟ್ಟವಳೇ ಅವಳು. ಆ ಕೆಲಸ ಮಾಡಲು ಅವಳಿಗೆ ತಲೆ ಬೇಕಿರಲಿಲ್ಲ, ಕೈ ಸಾಕಿತ್ತು. ಆ ದಿನ ಕೈ ಅದನ್ನೇ ಮಾಡಿತು.

ಬಚ್ಚಲಿನಿಂದ ಗಂಡನ ಕೂಗು ಕೇಳಿದಾಗಲೇ ಅವಳಿಗೆ ಎಚ್ಚರವಾದದ್ದು.

"ಅಬ್ಬಬ್ಬಾ, ಏನು ಘಮ ಅಂತೀನಿ! ಸ್ಪಿರಿಟ್ಟನ್ನೂ ಸೀಳ್ಕೊಂಡು ಬರ್ತಾ ಇದೆ!"

ಅವಳು ಬಾಣಲೆ ನೋಡಿದಳು. ಸಿಗಡಿ ಪೂರ್ತಿ ಅಲ್ಲಿತ್ತು. ತೆಗೆದಿಡಬೇಕೆಂದಿದ್ದ ನಾಲ್ಕೂ ಅಲ್ಲಿದ್ದವು, ಯಾವ ನಾಲ್ಕೋ ಈಗ ಯಾರಿಗೆ ಗೊತ್ತು. ಎರಡು ಇಡೀ ಗಡ್ಡೆ ಬೆಳ್ಳುಳ್ಳಿ ಹೆಚ್ಚಿ ಸುರಿದಿದ್ದಳು. ಬೇರೆ ಯಾರಾದರೂ ಆಗಿದ್ದರೆ ಮೊದಲ ಬೆಳ್ಳುಳ್ಳಿ ಬೆಣ್ಣೆಗೆ ಬಿದ್ದ ಕೂಡಲೇ ಮೂಗಿಗೆ ಬಡಿದು, ಅಯ್ಯೋ ಎಂದು ಕೈ ನಿಂತಿರುತ್ತಿತ್ತು. ಅವಳ ಪಾಲಿಗೆ ಆ ಬಾಣಲೆಯಿಂದ ಎದ್ದದ್ದು ಬರೀ ಶಾಖ ಮತ್ತು ಚರಚರ ಸದ್ದು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳು ಮೊದಲ ದಿನವೇ ಹೇಳುತ್ತಿದ್ದ ಮಾತೊಂದಿತ್ತು: ಬೆಳ್ಳುಳ್ಳಿಯಷ್ಟು ದೊಡ್ಡ ಸುಳ್ಳುಸಾಕ್ಷಿ ಇನ್ನೊಂದಿಲ್ಲ, ಅಡುಗೆಯವನು ಅದನ್ನು ಕೈತುಂಬ ಹಾಕಿದ ಅಂದರೆ ಏನನ್ನೋ ಮುಚ್ಚುತ್ತಿದ್ದಾನೆ ಎಂದೇ ತಿಳಿಯಿರಿ. ಈಗ ಆ ಸುಳ್ಳುಸಾಕ್ಷಿಯನ್ನು ತಾನೇ ಕರೆದು ಮಣೆ ಹಾಕಿ ಕೂರಿಸಿದ್ದಳು.

ತಲೆ, ಚಿಪ್ಪುಗಳಿದ್ದವಲ್ಲ! ತಿರುಗಿ ನೋಡಿದಳು. ಅವನ್ನು ಹಾಕಿದ್ದ ಕಾಗದ ಅಲ್ಲಿರಲಿಲ್ಲ.

"ಅತ್ತೇ, ಇಲ್ಲಿದ್ದ ಚಿಪ್ಪು?"

"ನೊಣ ಕೂರುತ್ತೆ ಅಂತ ಹಿತ್ತಲಿಗೆ ಎಸೆದೆ. ಬೆಕ್ಕುಗಳು ತಿಂದವು. ಯಾಕೆ, ಅದನ್ನೂ ಬೇಯಿಸ್ಬೇಕಿತ್ತಾ?"

ಬೆಕ್ಕುಗಳನ್ನು ಸಾಕ್ಷಿಗೆ ಕರೆಯುವಂತಿರಲಿಲ್ಲ. ಅವಳು ಒಂದು ಸಿಗಡಿ ಎತ್ತಿ ತಾನೇ ಬಾಯಿಗೆ ಹಾಕಿಕೊಂಡಳು. ಬಿಸಿಯಾಗಿತ್ತು, ಮೆತ್ತಗಿತ್ತು, ಉಪ್ಪಿತ್ತು. ಇನ್ನೇನೂ ಇರಲಿಲ್ಲ. ಒದ್ದೆ ಬಟ್ಟೆಯ ತುದಿ ಅಗಿದರೂ ಹಾಗೆಯೇ ಇರುತ್ತಿತ್ತು. ಗಡಿಯಾರ ಏಳೂಕಾಲು ದಾಟಿತ್ತು.

ಗಂಡ ತಲೆ ಒರೆಸಿಕೊಳ್ಳುತ್ತ ಬಂದು, ಅವಳು ಬೇಡ ಅನ್ನುವುದರೊಳಗೆ ಬಾಣಲೆಯಿಂದಲೇ ಎರಡು ಎತ್ತಿ ಬಾಯಿಗೆ ಹಾಕಿಕೊಂಡ. ಅವಳು ಅವನ ಮುಖವನ್ನೇ ನೋಡಿದಳು. ಹುಬ್ಬು ಗಂಟಿಕ್ಕುತ್ತದೆಯೇ? ಅಗಿಯುವುದು ನಿಲ್ಲುತ್ತದೆಯೇ? ಅವನು ಕಣ್ಣು ಮುಚ್ಚಿ ತಲೆಯಾಡಿಸಿದ.

"ಹೇಗಿದೆ?"

"ಕೇಳ್ತೀಯಲ್ಲ! ಬೆರಳು ಕಚ್ಕೊಂಡೆ."

"ಏನಾದರೂ ಬೇರೆ ಥರ... ಹಿಂದಿನಿಂದ ಏನಾದರೂ ಬರುತ್ತಾ ನಾಲಿಗೆಗೆ?"

"ಬೆಣ್ಣೆ ಬರುತ್ತೆ. ಬೆಳ್ಳುಳ್ಳಿ ಬರುತ್ತೆ. ಏನೇ ಆಗಿದೆ ನಿಂಗೆ ಇವತ್ತು?"

"ಏನಿಲ್ಲ."

ಸರಿಯಿರಬೇಕು, ಎಂದು ತನಗೇ ಹೇಳಿಕೊಂಡಳು. ಕೆಟ್ಟಿದ್ದರೆ ಇವನಿಗೆ ಗೊತ್ತಾಗುತ್ತಿರಲಿಲ್ಲವೇ? ಗೊತ್ತಾಗುತ್ತಿರಲಿಲ್ಲ ಎಂಬುದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಯಾರು? ಆದರೂ ಮನಸ್ಸು ಆ ಸಮಾಧಾನವನ್ನು ಬಿಡಲಿಲ್ಲ. ಬಣ್ಣ ಸರಿಯಿತ್ತಲ್ಲ. ಬಿಗಿ ಇತ್ತಲ್ಲ. ಕರೆಂಟು ಹೋದದ್ದು ಹೆಚ್ಚೆಂದರೆ ಎರಡು ಗಂಟೆ. ಹಾಸ್ಟೆಲ್ಲಿನ ಅಡುಗೆಯವರು ಕುರುಡರೇ, ಅವರೂ ನೋಡುತ್ತಾರೆ. ಹೀಗೆ ಒಂದೊಂದೇ ಕಾರಣ ಜೋಡಿಸಿ, ಎಂಟು ಗಂಟೆ ಆಗಿಬಿಡಲಿ, ಲಾರಿ ಹೋಗಿಬಿಡಲಿ, ಆಮೇಲೆ ತನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಕಾಯತೊಡಗಿದಳು. ಕೆಟ್ಟ ಯೋಚನೆ. ಅದು ಕೆಟ್ಟದ್ದೆಂದು ಗೊತ್ತಿದ್ದೇ ಯೋಚಿಸಿದಳು.

ಮಗಳು ಬಂದಳು. ಬ್ಯಾಗು ಒಂದು ಕಡೆ, ಚಪ್ಪಲಿ ಒಂದು ಕಡೆ, ಸೀದಾ ಅಡುಗೆಮನೆಗೆ.

"ಅಮ್ಮಾ! ಬೀದಿ ತುದಿಗೇ ಬರ್ತಿತ್ತು ವಾಸನೆ! ಪಕ್ಕದ್ಮನೆ ಆಂಟಿ ಕೇಳಿದ್ರು, ಇವತ್ತು ನಿಮ್ಮನೇಲಿ ಏನೇ ವಿಶೇಷ ಅಂತ."

"ಕೈ ತೊಳ್ಕೊಂಡು ಬಾ," ಎಂದಳು ತಾಯಿ. ಧ್ವನಿ ತನ್ನದೆನಿಸಲಿಲ್ಲ.

ನಾಲ್ಕು ತಟ್ಟೆ ಇಟ್ಟಳು. ಅತ್ತೆಗೆ ಹಲ್ಲಿಲ್ಲವೆಂದು ಅವರ ಪಾಲಿನ ಸಿಗಡಿಯನ್ನು ಸಣ್ಣಗೆ ಕತ್ತರಿಸುವ ನೆಪದಲ್ಲಿ ತಡ ಮಾಡಿದಳು. ಮಗಳ ತಟ್ಟೆಗೆ ಬಡಿಸುವಾಗ ಸೌಟು ಬಾಣಲೆಗೂ ತಟ್ಟೆಗೂ ನಡುವೆ ಒಂದು ಕ್ಷಣ ನಿಂತಿತು. ಬಡಿಸಿದಳು. ಮಗಳು ಬ್ರೆಡ್ಡು ಮುರಿದು ಬೆಣ್ಣೆಯಲ್ಲಿ ಅದ್ದಿದಳು. ಟ್ಯೂಷನ್ನಿನಲ್ಲಿ ಯಾರೋ ಯಾರನ್ನೋ ಏನೋ ಅಂದದ್ದನ್ನು ಹೇಳುತ್ತಿದ್ದಳು. ಹೇಳುತ್ತಲೇ ದೊಡ್ಡದೊಂದು ಸಿಗಡಿಯನ್ನು ಬಾಲ ಹಿಡಿದೆತ್ತಿದಳು. ಬೆಣ್ಣೆ ಮೊಣಕೈವರೆಗೆ ಇಳಿಯಿತು. ಬಾಯಿ ತೆರೆದಳು.

ತಾಯಿಯ ಕೈ ಹೋದದ್ದು ಯಾರಿಗೂ ಕಾಣಲಿಲ್ಲ. ಮಗಳ ಮಣಿಕಟ್ಟಿಗೆ ಏಟು ಬಿತ್ತು, ಸಿಗಡಿ ಗೋಡೆಗೆ ಬಡಿಯಿತು, ತಟ್ಟೆ ಉರುಳಿ ಬೆಣ್ಣೆಯೆಲ್ಲ ಚಾಪೆಯ ಮೇಲೆ ಹರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಅದು ಆ ಮನೆಯಲ್ಲಿ ಅಕ್ಷರಶಃ ಆಯಿತು.

"ತಿನ್ನಬೇಡ! ಯಾರೂ ತಿನ್ನಬೇಡಿ!"

ಮಗಳು ಮಣಿಕಟ್ಟು ಹಿಡಿದುಕೊಂಡು ಕೂತಲ್ಲೇ ಕಣ್ಣು ತುಂಬಿಕೊಂಡಳು. ಅವಳಿಗೆ ಹುಟ್ಟಿದ ಮೇಲೆ ತಾಯಿಯಿಂದ ಬಿದ್ದ ಮೊದಲ ಏಟು ಅದು.

"ತಲೆ ಕೆಟ್ಟಿದೆಯಾ ನಿಂಗೆ? ಮಗು ಅನ್ನೋದೂ..." ಎಂದು ಗಂಡ ಎದ್ದ.

"ನನಗೆ ವಾಸನೆ ಬರ್ತಿಲ್ಲ ರೀ." ಹೇಳಿಬಿಟ್ಟಳು. ಒಮ್ಮೆ ಹೊರಬಿದ್ದ ಮೇಲೆ ಉಳಿದದ್ದು ತಾನಾಗಿ ಬಂತು. "ಒಂಬತ್ತು ದಿನ ಆಯ್ತು. ಯಾವುದೂ ಬರ್ತಿಲ್ಲ. ಇದು ಕೆಟ್ಟಿದೆಯೋ ಸರಿಯಿದೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೇ ಹೋಗಬಹುದು ಅಂತ ಬರೆದುಕೊಟ್ಟೆ. ನಾಳೆ ಇದನ್ನೇ ನಾನೂರು ಮಕ್ಕಳು ತಿಂತಾರೆ. ಇವಳ ವಯಸ್ಸಿನವರು."

ಗಂಡ ಬಾಣಲೆಯ ಕಡೆ ನೋಡಿ, ತುಸು ಸಣ್ಣ ಧ್ವನಿಯಲ್ಲಿ ಅಂದ:

"ನಾನು ಎರಡು ತಿಂದಾಯ್ತಲ್ಲೇ."

"ಎರಡಕ್ಕೆ ಯಾರೂ ಸಾಯಲ್ಲ, ಸುಮ್ಮನಿರೋ" ಎಂದರು ಅತ್ತೆ. ಆಮೇಲೆ ಸೊಸೆಯ ಕಡೆ ತಿರುಗಿದರು. "ಲಾರಿ ಎಷ್ಟು ಹೊತ್ತಿಗೆ?"

"ಎಂಟಕ್ಕೆ."

"ಹಾಗಾದರೆ ಇಲ್ಲಿ ನಿಂತು ಯಾರ ಮುಖ ನೋಡ್ತಾ ಇದೀಯ? ಫೋನ್ ಮಾಡು."

ಏಳು ಮೂವತ್ತೆಂಟು. ಸೂಪರ್‌ವೈಸರ್ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಪೂರ್ತಿ ರಿಂಗಾಗಿ ನಿಂತಿತು. ಅವನು ಲಾರಿ ತುಂಬಿಸುವಾಗ ಫೋನನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತಾನೆ, ಅದು ಅವಳಿಗೆ ಗೊತ್ತಿತ್ತು. ಐಸಣ್ಣನ ನಂಬರು ಅವಳ ಹತ್ತಿರ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಬೇಕಾಗಿರಲಿಲ್ಲ. ಗಂಡ ಸ್ಕೂಟರಿನ ಬೀಗದ ಕೈಗೆ ಕೈ ಹಾಕಿದ. ಆ ಹೊತ್ತಿನ ಟ್ರಾಫಿಕ್ಕಿನಲ್ಲಿ ಶೆಡ್ಡಿಗೆ ಮುಕ್ಕಾಲು ಗಂಟೆ. ಮೂರನೆಯ ಸಲ, ನಾಲ್ಕನೆಯ ಸಲ. ಮಗಳು ಎದ್ದು ಬಂದು, ಏಟು ಬಿದ್ದ ಕೈಯನ್ನು ಹಾಗೇ ಹಿಡಿದುಕೊಂಡು, ತಾಯಿಯ ಪಕ್ಕ ನಿಂತಳು. ಐದನೆಯ ಸಲಕ್ಕೆ ಎತ್ತಿದ.

"ಏನ್ ಮೂಗಕ್ಕ, ಲಾರಿ ಹೊರಡೋ ಟೈಮಲ್ಲಿ..."

"ನಿಲ್ಲಿಸಿ. ಮೂರನೇ ಸಾಲು ಹೋಗಬಾರದು. ಇಳಿಸಿ."

"ಅಲ್ಲಾ, ನೀವೇ ಸಹಿ ಹಾಕಿದೀರಲ್ಲ?"

"ಹಾಕಿದೆ. ತಪ್ಪಾಯ್ತು. ಇಳಿಸಿ."

ಅತ್ತ ಕಡೆ ಅವನು ಯಾರಿಗೋ ಸ್ವಲ್ಪ ತಡಿಯೋ ಎಂದು ಕೂಗಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದ. ಧ್ವನಿ ಮೆತ್ತಗಾಗಿತ್ತು.

"ಓ, ಮನೆಗೆ ಒಯ್ದಿದ್ದರಲ್ಲ ನೀವು, ಅದರಲ್ಲಿ ವಾಸನೆ ಬಂತಾ ಅಕ್ಕ? ನೋಡಿದಿರಾ ಮತ್ತೆ! ಮೂಗು ಅಂದರೆ ಮೂಗು. ಮಾಲೀಕರಿಗೆ ಹಾಗೇ ಹೇಳ್ತೀನಿ, ಮನೆಗೆ ಹೋದ ಮೇಲೂ ಮೂಗಕ್ಕ ಕೆಲಸ ಬಿಡಲಿಲ್ಲ ಅಂತ."

ದಾರಿ ತಾನಾಗಿ ತೆರೆದಿತ್ತು. ಹೂಂ ಎಂದರೆ ಸಾಕಿತ್ತು. ಲಾರಿ ನಿಲ್ಲುತ್ತಿತ್ತು, ಮಕ್ಕಳು ಉಳಿಯುತ್ತಿದ್ದರು, ಕೆಲಸವೂ ಉಳಿಯುತ್ತಿತ್ತು, ಮೇಲೊಂದು ಕೀರ್ತಿ ಬೇರೆ. ಯಾರಿಗೂ ನಷ್ಟವಿಲ್ಲದ ಒಂದೇ ಒಂದು ಹೂಂ. ಗಂಡ ಅವಳನ್ನೇ ನೋಡುತ್ತಿದ್ದ. ಹೇಳಿಬಿಡು ಎಂದು ಅವನ ಕಣ್ಣು ಬೇಡುತ್ತಿತ್ತು, ಅದಕ್ಕಾಗಿ ಅವನನ್ನು ಬೈಯುವಂತೆಯೂ ಇಲ್ಲ. ಅವಳ ನಾಲಿಗೆಯ ಮೇಲೂ ಅದೇ ಇತ್ತು. ಆದರೆ ನಾಳೆ ಬೆಳಗ್ಗೆ ಏಳಕ್ಕೆ ಮತ್ತೆ ಸರಕು ಬರುತ್ತದೆ. ನಾಳೆಯೂ ಒಂದು ಮೂರನೇ ಸಾಲು ಇರುತ್ತದೆ.

"ಬರಲಿಲ್ಲ," ಎಂದಳು. "ವಾಸನೆ ಬರಲಿಲ್ಲ. ನನಗೆ ಒಂಬತ್ತು ದಿನದಿಂದ ಯಾವ ವಾಸನೆಯೂ ಬರ್ತಿಲ್ಲ. ಜ್ವರ ಬಂದು ಹೋಯ್ತು. ನಾನು ಸುಮ್ಮನೆ ಮೂಸಿದ ಹಾಗೆ ಮಾಡ್ತಿದ್ದೆ."

ಅತ್ತ ಕಡೆ ಅವನು ಚೀಟಿಗಳನ್ನು ತಿರುವಿಹಾಕುವ ಸದ್ದು ಕೇಳಿಸಿತು.

"ಒಂಬತ್ತು ದಿನದ ಸರಕು?" ಎಂದ.

"ಕಣ್ಣಲ್ಲಿ, ಬೆರಳಲ್ಲಿ ನೋಡಿದ್ದು. ಐಸು ಕರಗಿದ್ದು ಇವತ್ತು ಮಾತ್ರ."

"ಅಕ್ಕಾ..." ಎಂದ. ಬೈಗುಳ ಬರುತ್ತದೆಂದು ಅವಳು ಕಾದಳು. ಬೈಗುಳ ಬರಲಿಲ್ಲ. "ಈಗ ನಾನು ಯಾರನ್ನ ಕೇಳಲಿ? ನೀವಿದ್ದೀರಲ್ಲ ಅಂತ ಇಲ್ಲಿ ಯಾರೂ ಮೂಸೋದು ಕಲೀಲೇ ಇಲ್ಲ. ನನಗೆ ಎಲ್ಲಾ ಒಂದೇ ಥರ."

"ಐಸಣ್ಣ ಇದಾನಾ? ಅವನಿಗೆ ಕೊಡಿ."

ಫೋನು ಕೈ ಬದಲಾಯಿತು. ಲಾರಿಯ ಇಂಜಿನ್ ಗಡಗಡ ಎನ್ನುತ್ತಿತ್ತು.

"ಹೇಳಿ ಅಕ್ಕ."

"ಮಧ್ಯಾಹ್ನ ನಿನಗೆ ಏನೋ ಅನ್ನಿಸಿತ್ತಲ್ಲ, ನಾನು ಬಾಯಿ ಮುಚ್ಚಿಸಿದೆ. ಏನು ಅನ್ನಿಸಿತ್ತು?"

"ಏನೋ ಅಕ್ಕ. ನನಗೆ ಹೇಳೋಕೆ ಬರಲ್ಲ. ನಿಮಗಿಂತ ಜಾಸ್ತಿ ನಮಗೇನು ಗೊತ್ತು ಅಂತ ಸುಮ್ಮನಾದೆ."

"ಈಗ ಇಂಜಿನ್ ಆರಿಸೋಕೆ ಹೇಳು, ಆ ಹೊಗೆ ಬೇಡ. ಮೂರನೇ ಸಾಲಿನ ಕ್ರೇಟು ಒಂದು ಇಳಿಸು. ಮೇಲಿಂದ ತೆಗೀಬೇಡ, ಅಡಿಯಿಂದ ತೆಗಿ. ತಲೆ ಸಂದೀಲಿ ಮುರಿ. ಮುರಿದೆಯಾ? ಕಣ್ಣು ಮುಚ್ಚು. ಎರಡು ಎಣಿಸು."

ಇಂಜಿನ್ ನಿಂತಿತು. ಅಡುಗೆಮನೆಯಲ್ಲಿ ಉಳಿದ ಮೂವರೂ ಫೋನಿನ ಹತ್ತಿರಕ್ಕೆ ಬಂದರು. ಫೋನಿನಲ್ಲಿ ಅವನು ಗಟ್ಟಿಯಾಗಿ ಉಸಿರೆಳೆದದ್ದು ಕೇಳಿತು, ಆಮೇಲೆ ಕೆಮ್ಮು.

"ಅಕ್ಕಾ, ಇದು ಹೋಗಿದೆ."

"ಹೇಗಿದೆ, ಹೇಳು."

"ಕೆಟ್ಟದಾಗಿದೆ."

"ಹಾಗಲ್ಲ. ಯಾವುದರ ಹಾಗಿದೆ?"

"ಶೆಡ್ಡಿನ ಹಿಂದಿನ ಗೋಡೆ ಇಲ್ವಾ, ಡ್ರೈವರುಗಳು ನಿಂತ್ಕೊಳ್ಳೋದು... ಆ ಥರ. ಜೋರಾಗಿಲ್ಲ, ಆದರೆ ಮೂಗಿನ ಒಳಗೆ ಮೇಲಕ್ಕೆ ಚುಚ್ಚುತ್ತೆ."

ಅವಳು ಕಣ್ಣು ಮುಚ್ಚಿದಳು. ಅದೇ. ಅದನ್ನು ಅವಳು ಸಾವಿರ ಸಲ ಮೂಸಿದ್ದಳು. ಈಗ ಇನ್ನೊಬ್ಬರ ಬಾಯಿಂದ ಕೇಳುತ್ತಿದ್ದಳು. ಒಂಬತ್ತು ದಿನದಿಂದ ಬಾರದಿದ್ದ ಅಳು ಆಗ ಬಂತು, ನಿಂತಲ್ಲೇ, ಮಗಳ ಮುಂದೆ, ಅತ್ತೆಯ ಮುಂದೆ. ಅಳುತ್ತಲೇ ಹೇಳಿದಳು:

"ಸರಿಯಾಗಿ ಹೇಳಿದೆ. ಪೂರ್ತಿ ಸಾಲು ಇಳಿಸು. ಇನ್ನು ಎರಡನೇ ಸಾಲಿನದು ಮುರಿ. ನಾನು ಫೋನ್ ಇಡಲ್ಲ. ಒಂದೊಂದೇ ಮುರಿದು ಹೇಳ್ತಾ ಹೋಗು."